ಅವಲಂಬಿತನ ನಿವೃತ್ತಿ ಖಾತೆ ಪರಿವರ್ತನೆ: ಕೆಲವು ಷರಾಗಳು

ಅಮೆರಿಕಕ್ಕೆ ಮಗಳ ಮನೆಗೆ ಹೋಗುವ ನಿವೃತ್ತ ನೌಕರರು ಸಾಮಾನ್ಯವಾಗಿ ನಯಾಗರ ನೋಡಿ, ಲಿಬರ್ಟಿ ಪ್ರತಿಮೆಯ ಮುಂದೆ ಫೋಟೊ ತೆಗೆಸಿಕೊಂಡು, ಎರಡು ಸೂಟ್‌ಕೇಸು ಬಾದಾಮಿ ಕಟ್ಟಿಸಿಕೊಂಡು ವಾಪಸಾಗುತ್ತಾರೆ. ಮೊಮ್ಮಗನ ನಿವೃತ್ತಿಯ ಕಡತವನ್ನು ತರಿಸಿಕೊಂಡು ನೋಡುವವರು ವಿರಳ. ಜಿಲ್ಲಾ ಖಜಾನೆಯಲ್ಲಿ ಮೂರು ದಶಕ ಪರರ ಬಿಲ್ಲುಗಳಿಗೆ ಆಕ್ಷೇಪಣೆ ಬರೆದು, 60ಕ್ಕೆ ಹಾರ ಹಾಕಿಸಿಕೊಂಡು ಹೊರಬಂದ ನನ್ನಂಥವನು ಬರೆಯದಿದ್ದರೆ ಇದನ್ನು ಇನ್ನಾರು ಬರೆದಾರು ಎಂದು ಆಲೋಚಿಸಿದೆ. ನ್ಯೂಜೆರ್ಸಿಯ ಚಳಿಗಾಲದಲ್ಲಿ ಹೊರಗೆ ಹೋಗುವ ಸಾಧ್ಯತೆಯೂ ಇರಲಿಲ್ಲವಾದ್ದರಿಂದ ಈ ವಿಷಯದಲ್ಲಿ ತಜ್ಞನಾದೆ.

ಪ್ರಕರಣದ ಸಂಗತಿಗಳು ಹೀಗಿವೆ. ಮೊಮ್ಮಗನಿಗೆ 14 ವರ್ಷ. ಹುಟ್ಟಿದ್ದು ಅಲ್ಲೇ ಆದ್ದರಿಂದ ಆ ದೇಶದ ಪ್ರಜೆ. 2025ರ ಬೇಸಿಗೆಯಲ್ಲಿ ಬೀದಿಯ ಏಳೆಂಟು ಮನೆಗಳ ಹುಲ್ಲು ಕತ್ತರಿಸಿ, ಪೆಟ್ರೋಲಿನ ಖರ್ಚು ಕಳೆದು, ನಿವ್ವಳ 2,000 ಡಾಲರ್ ಸಂಪಾದಿಸಿದ. ಯಂತ್ರ ಅವನ ಅಪ್ಪನದು. ಅದಕ್ಕೆ ಮಗನಿಂದ ಬಾಡಿಗೆ ವಸೂಲಿ ಮಾಡಬೇಕಿತ್ತು ಎಂದು ನಾನು ಸೂಚಿಸಿದೆ, ಮಗಳು ಒಪ್ಪಲಿಲ್ಲ. ಆ 2,000 ಡಾಲರ್ ಬೂಟಿಗೂ ಹೆಡ್‌ಫೋನಿಗೂ ಹೋಯಿತು. ಹೋದರೆ ಹೋಗಲಿ ಅನ್ನುತ್ತದೆ ಕಾನೂನು. ನಿವೃತ್ತಿ ಖಾತೆಗೆ ಹಾಕುವಷ್ಟು ಮೊತ್ತವನ್ನು ಹುಡುಗ ದುಡಿದಿದ್ದರೆ ಸಾಕು, ಹಾಕುವ ಹಣ ಯಾರ ಜೇಬಿನದಾದರೂ ಆದೀತು. ಅಳಿಯಂದಿರು ತಮ್ಮ ಜೇಬಿನಿಂದ 1,800 ಡಾಲರ್ ತೆಗೆದು ಮಗನ ಹೆಸರಿನಲ್ಲಿ ನಿವೃತ್ತಿ ಖಾತೆ ತೆರೆದರು. ಕೆಲವು ವಾರಗಳಾದ ಮೇಲೆ ಅದನ್ನು ಇನ್ನೊಂದು ಬಗೆಯ ನಿವೃತ್ತಿ ಖಾತೆಯಾಗಿ ಪರಿವರ್ತಿಸಿದರು. ಮರುವರ್ಷ ಅದರ ಚೀಟಿ ಬಂದಾಗ ತಮ್ಮ ತೆರಿಗೆ ರಿಟರ್ನಿನಲ್ಲೇ ಅದನ್ನೂ ಸೇರಿಸಿಬಿಟ್ಟರು. ನನ್ನ ಆಕ್ಷೇಪಣೆ ಅಲ್ಲಿಂದ ಶುರು.

14ಕ್ಕೆ ನಿವೃತ್ತಿಯ ಚಿಂತೆ ಏಕೆ ಎಂದು ಕೇಳುವವರುಂಟು. ಅಳಿಯಂದಿರ ಎಕ್ಸೆಲ್ ಹಾಳೆಯ ಪ್ರಕಾರ 1,800 ಡಾಲರ್ ವರ್ಷಕ್ಕೆ ಶೇ. 7ರಂತೆ 45 ವರ್ಷ ಬೆಳೆದರೆ ಸುಮಾರು 37,800 ಆಗುತ್ತದೆ. ಹುಡುಗನಿಗೆ ಆಗ 59. ಮುಂದಿನ ವಾರದ ಗಣಿತದ ಪರೀಕ್ಷೆಗೆ ಅವನು ಇನ್ನೂ ಓದಲು ಕೂತಿರಲಿಲ್ಲ ಎಂಬುದನ್ನು ಬಿಟ್ಟರೆ ಅವನ ಭವಿಷ್ಯ ಎಲ್ಲ ದೃಷ್ಟಿಯಿಂದಲೂ ಭದ್ರವಾಗಿತ್ತು.

ಹಿನ್ನೆಲೆ ಸ್ವಲ್ಪ ಹೇಳಬೇಕು. ವೈಯಕ್ತಿಕ ನಿವೃತ್ತಿ ಖಾತೆ, ಅಂದರೆ ಐಆರ್‌ಎ, ಅಮೆರಿಕದಲ್ಲಿ 1974ರ ಕಾನೂನಿನಿಂದ ಹುಟ್ಟಿತು. ಆಗ ವರ್ಷಕ್ಕೆ 1,500 ಡಾಲರ್ ಹಾಕಬಹುದಿತ್ತು. 2025ಕ್ಕೆ 50 ತುಂಬದವರ ಮಿತಿ 7,000. ಹಾಕುವಾಗ ವಿನಾಯಿತಿ, ತೆಗೆಯುವಾಗ ತೆರಿಗೆ. ನ್ಯೂಜೆರ್ಸಿಯ ನೆರೆಯ ಡೆಲವೇರ್ ರಾಜ್ಯದ ಸೆನೆಟರ್ ವಿಲಿಯಂ ರಾಥ್ 1997ರಲ್ಲಿ ಇದನ್ನು ತಲೆಕೆಳಗು ಮಾಡಿಸಿದರು: ಹಾಕುವಾಗ ವಿನಾಯಿತಿ ಇಲ್ಲ, ಮುದುಕರಾದ ಮೇಲೆ ತೆಗೆಯುವಾಗ ತೆರಿಗೆಯೂ ಇಲ್ಲ. ಮರುವರ್ಷ ಜಾರಿಗೆ ಬಂದ ಆ ಖಾತೆಗೆ ಅವರದೇ ಹೆಸರು. ನಮ್ಮ ಕಡೆ ಜನಪ್ರತಿನಿಧಿಗಳ ಹೆಸರು ಬಸ್ ತಂಗುದಾಣದ ಮೇಲಿರುತ್ತದೆ. ಅಲ್ಲಿ ನೆರಳಾದರೂ ಸಿಗುತ್ತದೆ. 2000ದ ಚುನಾವಣೆಯಲ್ಲಿ ರಾಥ್ ಸೋತರು. ಖಾತೆ ಗೆದ್ದಿತು.

59½ ವರ್ಷ ತುಂಬುವ ಮೊದಲು ಈ ಖಾತೆಯ ಲಾಭಕ್ಕೆ ಕೈ ಹಾಕಿದರೆ ತೆರಿಗೆಯ ಜೊತೆಗೆ ಶೇ. 10 ದಂಡ, ಕೆಲವು ವಿನಾಯಿತಿಗಳನ್ನು ಬಿಟ್ಟು. ಆ ಅರ್ಧ ವರ್ಷ ನನಗೆ ಬಹಳ ಹಿಡಿಸಿತು. 59 ಅಂದಿದ್ದರೆ ಯಾರೋ ಬಾಯಿಗೆ ಬಂದದ್ದು ಹೇಳಿದರು ಅನ್ನಿಸುತ್ತಿತ್ತು. 59½ ಅಂದಾಗ ಹಿಂದೆ ಒಂದು ಸಮಿತಿ ಕೂತು ಚಹಾ ಕುಡಿದಿದೆ ಎಂಬ ಭರವಸೆ ಬರುತ್ತದೆ. ಹಳೆಯ ಬಗೆಯ ಖಾತೆಯಿಂದ ವೃದ್ಧರು ಕಡ್ಡಾಯವಾಗಿ ಹಣ ತೆಗೆಯಬೇಕಾದ ವಯಸ್ಸೂ ಹಿಂದೆ 70½ ಇತ್ತು. 2019ರ ಕಾನೂನು ಅದನ್ನು 72 ಮಾಡಿತು, ಈಗ 73. ಅರ್ಧವನ್ನು ಕೈಬಿಟ್ಟದ್ದರಿಂದ ಆ ಕಲಮಿನ ಗಾಂಭೀರ್ಯ ತುಸು ಕುಂದಿದೆ.

ಈಗ ಬಾಗಿಲುಗಳ ವಿಷಯ. ರಾಥ್ ಖಾತೆಗೆ ನೇರವಾಗಿ ಹಣ ಹಾಕಲು ಆದಾಯದ ಮಿತಿ ಇದೆ. 2025ಕ್ಕೆ, ಗಂಡಹೆಂಡಿರು ಒಟ್ಟಿಗೆ ರಿಟರ್ನ್ ಸಲ್ಲಿಸಿದರೆ, 2,36,000 ಡಾಲರಿನಿಂದ ಬಾಗಿಲು ಮುಚ್ಚತೊಡಗಿ 2,46,000ಕ್ಕೆ ಪೂರ್ತಿ ಮುಚ್ಚುತ್ತದೆ. ಆದರೆ ಹಳೆಯ ಬಗೆಯ ಖಾತೆಯನ್ನು ರಾಥ್ ಖಾತೆಯಾಗಿ ಪರಿವರ್ತಿಸಿಕೊಳ್ಳಲು 2010ರಿಂದ ಆದಾಯದ ಮಿತಿಯೇ ಇಲ್ಲ. ಹಾಗಾಗಿ ಹೆಚ್ಚು ಸಂಬಳದವರು ಹಳೆಯ ಖಾತೆಗೆ ಹಣ ಹಾಕಿ, ಅದನ್ನು ಪರಿವರ್ತಿಸಿ, ಹಿತ್ತಿಲ ಬಾಗಿಲಿನಿಂದ ಒಳಗೆ ಬರುತ್ತಾರೆ. ಇದು ಕಾನೂನುಬದ್ಧ. ಕನ್ನಡ ಕೂಟದ ಯುಗಾದಿ ಊಟದಲ್ಲಿ ಒಬ್ಬಟ್ಟಿನ ಸಾಲಿನಲ್ಲಿ ನಿಂತವರ ಮಾತು ಕೇಳಿದರೆ ನ್ಯೂಜೆರ್ಸಿಯ ಕನ್ನಡಿಗರು ಮುಂಬಾಗಿಲು ಬಳಸುವುದನ್ನೇ ಬಿಟ್ಟಿದ್ದಾರೆ ಅನ್ನಿಸುತ್ತದೆ.

2,000 ಡಾಲರ್ ಸಂಪಾದನೆಯ ಹುಡುಗನಿಗೆ ಮುಂಬಾಗಿಲು ಅಗಲವಾಗಿ ತೆರೆದೇ ಇತ್ತು. ಆ 1,800 ಡಾಲರನ್ನು ನೇರವಾಗಿ ರಾಥ್ ಖಾತೆಗೆ ಹಾಕಿದ್ದರೆ ಪರಿವರ್ತನೆ ಇಲ್ಲ, ಪರಿವರ್ತನೆಯ ನಮೂನೆ ಇಲ್ಲ, ಈ ಲೇಖನವೂ ಇಲ್ಲ. ಅಳಿಯಂದಿರನ್ನು ಕೇಳಿದೆ.

"ಮಾವ, ನಾನು ಎಷ್ಟೋ ವರ್ಷದಿಂದ ಹಿಂದ್ಗಡೆ ಬಾಗ್ಲಲ್ಲೇ ಬರ್ತಾ ಇದ್ದೀನಿ. ಮುಂದ್ಗಡೆ ಒಂದು ಬಾಗ್ಲಿದೆ ಅನ್ನೋದೇ ಮರ್ತೋಗಿತ್ತು," ಅಂದರು.

ಅವರನ್ನು ದೂಷಿಸಲಾರೆ. ತಂದೆಯಾದವನು ತನಗೆ ಗೊತ್ತಿರುವ ದಾರಿಯನ್ನೇ ಮಗನಿಗೆ ತೋರಿಸುತ್ತಾನೆ. ಹಿಂದೆ, ಮಾಡಿದ ಪರಿವರ್ತನೆಯನ್ನು ರದ್ದು ಮಾಡಿಸುವ ಅವಕಾಶವಿತ್ತು. 2017ರ ತೆರಿಗೆ ಕಾನೂನು 2018ರಿಂದ ಅದನ್ನೂ ತೆಗೆದುಹಾಕಿತು. ಆದ್ದರಿಂದ ಆಗಿದ್ದು ಆಗಿಹೋಯಿತು, ಇನ್ನು ಲೆಕ್ಕ ಒಪ್ಪಿಸುವುದು ಮಾತ್ರ ಬಾಕಿ.

ಪರಿವರ್ತನೆ ಅಂದರೇನೆಂದು ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಡಿ.ಸಿ. ಕನ್ವರ್ಷನ್ ಮಾಡಿಸಿದ ಯಾರಿಗಾದರೂ ಗೊತ್ತು: ಜಮೀನು ಇದ್ದಲ್ಲೇ ಇರುತ್ತದೆ, ಬದುವಿನ ಹುಣಿಸೆಮರವೂ ಅಲ್ಲೇ, ಕಾಗದದಲ್ಲಿ ಮಾತ್ರ ರಾಗಿ ಹೊಲ ಸೈಟಾಗುತ್ತದೆ. ಇಲ್ಲೂ ಹಣ ಅದೇ ಕಂಪನಿಯ ಅದೇ ಪರದೆಯ ಮೇಲೆ ಒಂದು ಸಾಲಿನಿಂದ ಕೆಳಗಿನ ಸಾಲಿಗೆ ಇಳಿಯಿತು. ವ್ಯತ್ಯಾಸ ಇಷ್ಟೆ, ಇಲ್ಲಿ ಯಾರನ್ನೂ 'ಕಂಡು ಮಾತಾಡಿಸಬೇಕಾಗಿಲ್ಲ'. ನಮೂನೆ ತುಂಬಿದರೆ ಆಯಿತು. ಸರ್ಕಾರಿ ಕಚೇರಿಯಲ್ಲಿ ಜೀವ ಸವೆಸಿದ ನನಗೆ ಇದು ಅಸಹಜ ಅನ್ನಿಸಿ ಎರಡು ಸಲ ವಿಚಾರಿಸಿದೆ. ನಿಜವಂತೆ.

ಮುಖ್ಯ ಆಕ್ಷೇಪಣೆಗೆ ಬರೋಣ. ಪರಿವರ್ತನೆಯಾದ ಮೇಲೆ ಖಾತೆ ಇಟ್ಟುಕೊಂಡ ಕಂಪನಿ ಜನವರಿ ಕೊನೆಯ ಹೊತ್ತಿಗೆ 1099-ಆರ್ ಎಂಬ ಚೀಟಿ ಕಳಿಸಬೇಕು. ಅದು ಹುಡುಗನ ಹೆಸರಿನಲ್ಲಿ, ಹುಡುಗನ ಸೋಷಿಯಲ್ ಸೆಕ್ಯುರಿಟಿ ನಂಬರಿನೊಂದಿಗೆ ಬಂತು. ಅಳಿಯಂದಿರು ಅದನ್ನು ತಮ್ಮ ತೆರಿಗೆ ಸಾಫ್ಟ್‌ವೇರಿಗೆ ತುಂಬಲು ಹೋದಾಗ ಅದು ಕೇಳಿತು: ಈ ಚೀಟಿ ಯಾರದು, ನಿಮ್ಮದೋ ನಿಮ್ಮ ಪತ್ನಿಯದೋ? ಮಗನದು ಎಂಬ ಗುಂಡಿ ಇರಲಿಲ್ಲ. ಅವರು ಸ್ವಲ್ಪ ಯೋಚಿಸಿ ಪತ್ನಿಯದು ಎಂದು ಒತ್ತಿದರು. ಹೆತ್ತವಳಾದ್ದರಿಂದ ಅದೇ ಹೆಚ್ಚು ಹತ್ತಿರ ಎಂಬುದು ಅವರ ವಾದ. ವಂಶಾವಳಿಯ ದೃಷ್ಟಿಯಿಂದ ವಾದ ಸರಿಯಾಗಿದೆ. ಆದರೆ ಅಲ್ಲಿನ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ಕಂಪ್ಯೂಟರಿಗೆ ವಂಶಾವಳಿ ಬೇಕಾಗಿಲ್ಲ, ನಂಬರು ಬೇಕು. ಹುಡುಗನಿಗೆ, 4 ಡಾಲರ್ ಬಡ್ಡಿಯೂ ಸೇರಿ, 1,804 ಡಾಲರ್ ಸಂದಾಯವಾಗಿದೆ ಎಂದು ಅದು ಬರೆದುಕೊಂಡಿರುತ್ತದೆ. ಅವನು ರಿಟರ್ನನ್ನೇ ಕೊಡದಿದ್ದರೆ ಎಲ್ಲಿ ಹೋಯಿತು ಎಂದು ಪತ್ರ ಬರೆಯಲು ಸ್ವತಂತ್ರವಾಗಿರುತ್ತದೆ.

ಮಕ್ಕಳ ಆದಾಯವನ್ನು ತಂದೆತಾಯಿಯ ರಿಟರ್ನಿನಲ್ಲೇ ತೋರಿಸುವ ಒಂದು ನಮೂನೆ ಇದೆಯಲ್ಲ ಎಂದು ಕೂಟದ ಖಜಾಂಚಿಯವರು ಕೇಳಿದರು. ಇದೆ, 8814. ಆದರೆ ಮಗುವಿನ ಆದಾಯವೆಲ್ಲ ಬಡ್ಡಿ ಮತ್ತು ಲಾಭಾಂಶ ಮಾತ್ರ ಆಗಿದ್ದರೆ ಅದು ನಡೆಯುತ್ತದೆ. ಅದರ ಜೊತೆಗೆ ಅಲಾಸ್ಕಾ ರಾಜ್ಯ ತನ್ನ ಎಣ್ಣೆಯ ನಿಧಿಯಿಂದ ನಿವಾಸಿಗಳಿಗೆ ಹಂಚುವ ಲಾಭಾಂಶಕ್ಕೂ ಜಾಗವಿದೆ. ಹುಲ್ಲು ಕತ್ತರಿಸಿದ ಕೂಲಿಗೆ ಇಲ್ಲ. ನಿವೃತ್ತಿ ಖಾತೆಯ ಪರಿವರ್ತನೆಗೆ ಇಲ್ಲ. ಅಲಾಸ್ಕಾಗೆ ಮನೆ ಬದಲಾಯಿಸಿದರೂ ಇಲ್ಲ, ಅದನ್ನೂ ಪರಿಶೀಲಿಸಿದ್ದೇನೆ.

ಇಷ್ಟೆಲ್ಲ ಪರಿಶೀಲಿಸಲು ನನಗೆ ಮೊಮ್ಮಗಳ ಸಹಾಯವಿತ್ತು. ಅವಳಿಗೆ 17. ಐಆರ್‌ಎಸ್‌ನ ಸೂಚನಾ ಪುಸ್ತಕಗಳನ್ನು ಓದಿ ಹೇಳುವುದು, ಲೆಕ್ಕ ಹಾಕುವುದು, ನನ್ನ ಅಭಿಪ್ರಾಯ ಎಲ್ಲಿ ಸೂಚನೆಗೆ ವಿರುದ್ಧವಾಗಿದೆಯೋ ಆ ಸಾಲಿನ ಮೇಲೆ ಸುಮ್ಮನೆ ಬೆರಳಿಡುವುದು, ಇಷ್ಟು ಅವಳ ಪಾಲಿನದು. ತಜ್ಞತೆ ನನ್ನದು.

ಹೀಗಾಗಿ ಹುಡುಗ ಸ್ವತಃ ರಿಟರ್ನ್ ಸಲ್ಲಿಸಬೇಕೆಂದು ಷರಾ ಬರೆದೆ. ಅವಲಂಬಿತ ಅಂದಮಾತ್ರಕ್ಕೆ ಅವನ ಆದಾಯ ಅಪ್ಪನದಾಗುವುದಿಲ್ಲ. ಊಟ ಅಪ್ಪನದು, ಹಾಸಿಗೆ ಅಪ್ಪನದು, ಫೋನಿನ ಬಿಲ್ಲು ಅಪ್ಪನದು, ನಮೂನೆ 1040 ಮಾತ್ರ ಅವನದು. ಮೇಲಾಗಿ ಸ್ವಂತ ಉದ್ಯೋಗದಿಂದ ನಿವ್ವಳ 400 ಡಾಲರ್ ಗಳಿಸಿದವನು, ಅವನ ಮೀಸೆ ಬಂದಿರಲಿ ಬಿಡಲಿ, ರಿಟರ್ನ್ ಕೊಡಲೇಬೇಕು. ಹುಲ್ಲು ಕತ್ತರಿಸುವವನು ಅಮೆರಿಕದ ಕಣ್ಣಿನಲ್ಲಿ ಉದ್ಯಮಿ. ಅವನಿಗೆ ಷೆಡ್ಯೂಲ್ ಸಿ ಉಂಟು, ಷೆಡ್ಯೂಲ್ ಎಸ್‌ಇ ಉಂಟು. ಈ ಎರಡನೆಯದರಲ್ಲಿ ಅವನ 2,000 ಡಾಲರಿಗೆ ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ ಬಾಬ್ತು 283 ಡಾಲರ್ ತೆರಿಗೆ ಬಂತು. ಅಂದರೆ ತನ್ನ ನಿವೃತ್ತಿಯ ವಿಷಯ ಇನ್ನೂ ಇತ್ಯರ್ಥವಾಗುವ ಮೊದಲೇ ಹುಡುಗ ಬೇರೆಯವರ ನಿವೃತ್ತಿಗೆ ಹಣ ಕಟ್ಟಿದ. ಆ 283ರ ಅರ್ಧವನ್ನು ಸಂಪಾದನೆಯಿಂದ ಕಳೆದು ಉಳಿದಷ್ಟೇ ಮೊತ್ತವನ್ನು ನಿವೃತ್ತಿ ಖಾತೆಗೆ ಹಾಕಬಹುದು. ಅಳಿಯಂದಿರು 2,000ದ ಬದಲು 1,800ಕ್ಕೆ ನಿಂತದ್ದು ಇದೇ ಕಾರಣಕ್ಕೆ. ಪ್ರತಿಫಲ ಇಲ್ಲದಿಲ್ಲ: 2025ರಲ್ಲಿ 1,810 ಡಾಲರಿಗೆ ಸೋಷಿಯಲ್ ಸೆಕ್ಯುರಿಟಿಯ ಒಂದು ಅಂಕ. ಹುಡುಗನಿಗೆ ಒಂದು ಅಂಕ ಸಿಕ್ಕಿತು. ಪಿಂಚಣಿಗೆ 40 ಬೇಕು. ಇನ್ನು 39.

ಹುಡುಗ ಈ ಲೆಕ್ಕ ಕೇಳಿ, "ತಾತ, ಇದು ವಿಡಿಯೊ ಗೇಮಾ?" ಅಂದ. ಗಂಭೀರ ಪ್ರಶ್ನೆಯಾದ್ದರಿಂದ ಅಷ್ಟೇ ಗಂಭೀರವಾಗಿ ಉತ್ತರಿಸಿದೆ.

ಅವನ ರಿಟರ್ನಿನಲ್ಲಿ 'ನಿಮ್ಮನ್ನು ಬೇರೊಬ್ಬರು ಅವಲಂಬಿತ ಎಂದು ತೋರಿಸಬಹುದೇ' ಎಂಬ ಚೌಕ ಇದೆ. ಅದಕ್ಕೆ ಗುರುತು ಹಾಕಲೇಬೇಕು. ಮರೆತು ಮೊದಲು ಮಗನ ರಿಟರ್ನ್ ಕಳಿಸಿಬಿಟ್ಟರೆ, ಆಮೇಲೆ ಕಂಪ್ಯೂಟರಿನಲ್ಲಿ ಸಲ್ಲಿಸುವ ಅಪ್ಪನ ರಿಟರ್ನ್ ತಿರಸ್ಕೃತವಾಗಬಹುದು. ಕೂಟದಲ್ಲಿ ಒಬ್ಬರ ಮನೆಯಲ್ಲಿ ಹಾಗೇ ಆಯಿತಂತೆ. ಹದಿನಾರರ ಮಗ ಆ ಚೌಕವನ್ನು ಖಾಲಿ ಬಿಟ್ಟಿದ್ದ. ಕೇಳಿದ್ದಕ್ಕೆ, ತಾನು ಯಾರನ್ನೂ ಅವಲಂಬಿಸಿಲ್ಲ ಅಂದನಂತೆ. ಊಟಕ್ಕೆ ಏನಿದೆ ಎಂದೂ ಅದೇ ಉಸಿರಿನಲ್ಲಿ ಕೇಳಿದನಂತೆ.

ಇನ್ನು ನಮೂನೆ 8606. ಇಡೀ ಪ್ರಕರಣದ ಗರ್ಭಗುಡಿ ಇದು. ಹಳೆಯ ಖಾತೆಗೆ ವಿನಾಯಿತಿ ಪಡೆಯದೆ ಹಣ ಹಾಕಿದರೆ ಮೊದಲ ಭಾಗದಲ್ಲಿ ತೋರಿಸಬೇಕು, ಪರಿವರ್ತಿಸಿದರೆ ಎರಡನೆಯ ಭಾಗದಲ್ಲಿ. ಹಾಕಿದ್ದು 1,800. ಖಾತೆಯಲ್ಲಿ ಸುಮ್ಮನೆ ಕೂತ ಅವಧಿಯಲ್ಲಿ 4 ಡಾಲರ್ ಬಡ್ಡಿ ಹುಟ್ಟಿತು. ಪರಿವರ್ತನೆಯಾದದ್ದು 1,804. 1,800ನ್ನು 1,804ರಿಂದ ಭಾಗಿಸಿ ದಶಾಂಶದಲ್ಲಿ ಬರೆಯಬೇಕು: 0.998. ಆ ದಶಾಂಶದಿಂದ 1,804ನ್ನು ಗುಣಿಸಿದರೆ ಮತ್ತೆ 1,800. ಎರಡು ಸಂಖ್ಯೆಗಳನ್ನು ಭಾಗಿಸಿ, ಬಂದ ಫಲವನ್ನು ಮತ್ತೆ ಅದೇ ಸಂಖ್ಯೆಯಿಂದ ಗುಣಿಸಿ, ಹೊರಟ ಜಾಗಕ್ಕೇ ಬಂದು ಮುಟ್ಟುವ ಈ ಪ್ರಯಾಣವನ್ನು ಐಆರ್‌ಎಸ್ ಅನೇಕ ಸಾಲುಗಳಲ್ಲಿ ಹಂಚಿದೆ. ಒಂದೇ ಸಾಲಿನಲ್ಲಿ ಮುಗಿಸಿದ್ದರೆ ನಾಗರಿಕರಿಗೆ ಸಂಶಯ ಬರುತ್ತಿತ್ತು. 16ನೇ ಸಾಲು 1,804, 17ನೇ ಸಾಲು 1,800, 18ನೇ ಸಾಲು 4. ಈ 4 ಡಾಲರ್ ತೆರಿಗೆಗೆ ಒಳಪಡುವ ಮೊತ್ತ. ಅದನ್ನು ಹೊತ್ತುಕೊಂಡು ಹೋಗಿ 1040ರ 4ಬಿ ಸಾಲಿನಲ್ಲಿ ಇಳಿಸಬೇಕು. 4ಎ ಸಾಲಿನಲ್ಲಿ ಪೂರ್ತಿ 1,804 ಇರುತ್ತದೆ.

ಚೀಟಿಯಲ್ಲಿ ಮಾತ್ರ ಒಂದು ಸಂಕಟವಿದೆ. 1099-ಆರ್‌ನ ತೆರಿಗೆಗೊಳಪಡುವ ಮೊತ್ತದ ಜಾಗದಲ್ಲೂ 1,804 ಎಂದೇ ಅಚ್ಚಾಗಿ, ಪಕ್ಕದಲ್ಲಿ 'ತೆರಿಗೆಗೊಳಪಡುವ ಮೊತ್ತ ನಿರ್ಧರಿಸಿಲ್ಲ' ಎಂಬ ಚೌಕಕ್ಕೂ ಗುರುತು ಬಿದ್ದಿರುತ್ತದೆ. ಮೊತ್ತ ಇಷ್ಟು, ಆದರೆ ಎಷ್ಟೆಂದು ನಮಗೆ ಗೊತ್ತಿಲ್ಲ ಎಂದು ಒಂದೇ ಕಾಗದದಲ್ಲಿ ಹೇಳುವ ಧೈರ್ಯ ನಮ್ಮ ಖಜಾನೆಯ ಯಾವ ಗುಮಾಸ್ತನಿಗೂ ಇರಲಿಲ್ಲ. ಹಣ ಹಾಕಿದ್ದಕ್ಕೂ ಪರಿವರ್ತಿಸಿದ್ದಕ್ಕೂ ಕಂಪನಿ ಕೊಡಬೇಕಾದ ಇನ್ನೊಂದು ಪುರಾವೆ, ನಮೂನೆ 5498, ಬರುವುದು ಮೇ ತಿಂಗಳ ಕೊನೆಗೆ. ರಿಟರ್ನಿನ ಗಡುವು ಏಪ್ರಿಲ್ 15. ತೀರ್ಪು ಮೊದಲು, ಸಾಕ್ಷಿ ಆಮೇಲೆ.

ಇಲ್ಲಿ ಪೈಸೆಯ ಒಂದು ತೊಡಕು ಎದುರಾಯಿತು. ಪರಿವರ್ತನೆ ಮುಗಿದ ಮೇಲೆ ಆ ತಿಂಗಳ ಕೊನೆಯ ದಿನ ಖಾಲಿಯಾಗಿದ್ದ ಹಳೆಯ ಖಾತೆಗೆ 37 ಸೆಂಟ್ ಬಡ್ಡಿ ಬಂದು ಬಿತ್ತು. ಡಿಸೆಂಬರ್ 31ರಂದು ಹಳೆಯ ಬಗೆಯ ಖಾತೆಗಳಲ್ಲಿ ಇರುವ ಶಿಲ್ಕನ್ನೆಲ್ಲ ಕೂಡಿಸಿ 8606ರ 6ನೇ ಸಾಲಿನಲ್ಲಿ ತೋರಿಸಬೇಕು; ಆ ಶಿಲ್ಕು ದೊಡ್ಡದಿದ್ದರೆ ಪರಿವರ್ತನೆಯ ಹೆಚ್ಚು ಪಾಲಿಗೆ ತೆರಿಗೆ ಬೀಳುತ್ತದೆ. 50 ಸೆಂಟಿಗಿಂತ ಕಡಿಮೆ ಇದ್ದರೆ ಸೊನ್ನೆ ಎಂದು ಬರೆಯಲು ಐಆರ್‌ಎಸ್ ಅನುಮತಿ ಕೊಟ್ಟಿದೆ. ಅನುಮತಿ ಇದ್ದರೂ ನಾನು ಕೊಡಲಿಲ್ಲ. ಮುಕ್ತಾಯ ಶಿಲ್ಕು ಅಂದರೆ ಮುಕ್ತಾಯ ಶಿಲ್ಕು. ಎರಡು ಪುಟದ ಟಿಪ್ಪಣಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದೆ. ಮೊಮ್ಮಗಳು ಸೂಚನೆಯ ಸಾಲಿನ ಮೇಲೆ ಬೆರಳಿಟ್ಟಳು. ಸೊನ್ನೆ ಎಂದೇ ಬರೆಯಲಾಯಿತು. ನನ್ನ ಭಿನ್ನಮತವನ್ನು ದಾಖಲಿಸಲಾಗಿದೆ.

8606 ಕೊಡದಿದ್ದರೆ 50 ಡಾಲರ್ ದಂಡ. ಕೊಟ್ಟರೆ ಅದರ ಪ್ರತಿಯನ್ನು ಖಾತೆಯ ಹಣವೆಲ್ಲ ತೆಗೆದು ಮುಗಿಯುವವರೆಗೂ ಇಟ್ಟುಕೊಳ್ಳಿ ಎಂದು ಸೂಚನೆ. ಈ ಹುಡುಗನಿಗೆ 59½ ಆಗುವುದು 2070ರ ಆಸುಪಾಸಿನಲ್ಲಿ. ಬೆಳಿಗ್ಗೆ ಬಿಚ್ಚಿಟ್ಟ ಕಾಲುಚೀಲ ಸಂಜೆಗೆ ಎಲ್ಲಿದೆಯೆಂದು ಅವನಿಗೆ ಗೊತ್ತಿರುವುದಿಲ್ಲ. ಊರಿಗೆ ಹೋದಮೇಲೆ ಅವೆನ್ಯೂ ರೋಡಿನಿಂದ ಒಂದು ತಗಡಿನ ಟ್ರಂಕು ಕೊಂಡು, ಮೇಲೆ ಬಿಳಿ ಬಣ್ಣದಲ್ಲಿ ಅವನ ಹೆಸರು ಬರೆಸಿ ಕಳಿಸಿಕೊಡುವುದಾಗಿ ಹೇಳಿದ್ದೇನೆ.

ಈ 4 ಡಾಲರಿನ ಮೇಲೆ ತೆರಿಗೆ ಎಷ್ಟು? ಅವಲಂಬಿತನಿಗೆ ಸಿಗುವ ಸಾಮಾನ್ಯ ಕಡಿತ 2025ಕ್ಕೆ 1,350 ಡಾಲರ್ ಅಥವಾ ದುಡಿಮೆಯ ಆದಾಯಕ್ಕೆ 450 ಸೇರಿಸಿದ ಮೊತ್ತ, ಎರಡರಲ್ಲಿ ಹೆಚ್ಚಿನದು. ಹುಡುಗನ ಒಟ್ಟು ಆದಾಯ ಅದರೊಳಗೇ ಮುಳುಗಿಹೋಯಿತು. ಆದಾಯ ತೆರಿಗೆ ಸೊನ್ನೆ. ನ್ಯೂಜೆರ್ಸಿ ರಾಜ್ಯವಂತೂ ಒಂಟಿ ವ್ಯಕ್ತಿಗೆ 10,000 ಡಾಲರಿಗಿಂತ ಹೆಚ್ಚು ಆದಾಯ ಇಲ್ಲದಿದ್ದರೆ ರಿಟರ್ನನ್ನೇ ಕೇಳುವುದಿಲ್ಲ. ರಾಜ್ಯ ಸರ್ಕಾರಗಳ ಈ ಉದಾಸೀನ ನನಗೆ ಹೊಸತಲ್ಲ.

ನನಗೆ ನಿರಾಸೆಯಾದದ್ದು ನಮೂನೆ 8615ರ ವಿಷಯದಲ್ಲಿ. ಶ್ರೀಮಂತರು ಆಸ್ತಿಯನ್ನು ಮಕ್ಕಳ ಹೆಸರಿಗೆ ಮಾಡಿ ಕಡಿಮೆ ದರದಲ್ಲಿ ತೆರಿಗೆ ಕಟ್ಟುತ್ತಿದ್ದರೆಂದು 1986ರಲ್ಲಿ, ರೇಗನ್ ಕಾಲದಲ್ಲಿ, ಮಕ್ಕಳ ದುಡಿಯದ ಆದಾಯಕ್ಕೆ ತಂದೆತಾಯಿಯ ದರ ಹಾಕುವ ಕಾನೂನು ತಂದರು. ಆಗ ಅದು 14 ತುಂಬದವರಿಗೆ ಮಾತ್ರ. 2006ರಲ್ಲಿ 18 ತುಂಬದವರೆಂದಾಯಿತು, ಆಮೇಲೆ 19; ಓದುತ್ತಿರುವವರಾದರೆ 24ರವರೆಗೂ ಮಕ್ಕಳೇ. ನಮ್ಮ ಮನೆಗಳಲ್ಲಿ 40ರವರೆಗೆ ಇದೆ, ಅದು ಬೇರೆ ಮಾತು. ಪರಿವರ್ತನೆಯ ತೆರಿಗೆಗೊಳಪಡುವ ಭಾಗ ಈ ದುಡಿಯದ ಆದಾಯಕ್ಕೆ ಸೇರುತ್ತದೆ. ಆದರೆ 2025ಕ್ಕೆ ಅದು 2,700 ಡಾಲರ್ ದಾಟಿದರೆ ಮಾತ್ರ 8615. ಹುಡುಗನದು 4. ಹೀಗೆ 2,696 ಡಾಲರಿನ ಕೊರತೆಯಿಂದ ಒಂದು ಒಳ್ಳೆಯ ನಮೂನೆ ಕೈತಪ್ಪಿತು.

ಅವಲಂಬಿತರು ಯಾರು ಎಂಬ ಪ್ರಶ್ನೆಯನ್ನು ಇಲ್ಲೇ ಮುಗಿಸುವುದು ಒಳ್ಳೆಯದು, ಏಕೆಂದರೆ ಕೂಟದಲ್ಲಿ ಎಲ್ಲರೂ ತಂತಮ್ಮ ತಾಯಂದಿರ ಬಗ್ಗೆ ಕೇಳುತ್ತಾರೆ. ಅವಲಂಬಿತರಾಗುವವರು ಅಮೆರಿಕದ ಪ್ರಜೆಯೋ ನಿವಾಸಿಯೋ ಆಗಿರಬೇಕು, ಇಲ್ಲವೇ ಕೆನಡಾದ ಅಥವಾ ಮೆಕ್ಸಿಕೋದ ನಿವಾಸಿಯಾಗಿರಬೇಕು. ಮೆಕ್ಸಿಕೋದಲ್ಲಿರುವ ತಾಯಿಯನ್ನು ಸಾಕುವವನು, ಉಳಿದ ಷರತ್ತುಗಳು ಸರಿಯಿದ್ದರೆ, ಆಕೆಯ ಹೆಸರನ್ನು ರಿಟರ್ನಿನಲ್ಲಿ ಬರೆಯಬಹುದು. ಮಂಡ್ಯದಲ್ಲಿರುವ ತಾಯಿಯನ್ನು ಸಾಕುವವನು ಬರೆಯುವಂತಿಲ್ಲ. ಅಳಿಯಂದಿರ ತಾಯಿ ಮಂಡ್ಯದಲ್ಲಿದ್ದಾರೆ. ಮೆಕ್ಸಿಕೋಗೆ ವಾಸ ಬದಲಾಯಿಸುವ ಬಗ್ಗೆ ಬೀಗಿತ್ತಿಯವರೊಂದಿಗೆ ಫೋನಿನಲ್ಲಿ ಪ್ರಸ್ತಾಪಿಸಿದೆ. ಅಲ್ಲಿ ರಾಗಿ ಹಿಟ್ಟು ಸಿಗುತ್ತದೆಯೇ ಎಂದು ಕೇಳಿದರು. ವಿಚಾರಿಸಿ ತಿಳಿಸುವುದಾಗಿ ಹೇಳಿದ್ದೇನೆ.

ನಾನೇ ಅವಲಂಬಿತನಾದರೆ ಹೇಗೆ ಎಂಬುದನ್ನೂ ನೋಡಿದೆ. ಈ ವರ್ಷ ಅಲ್ಲಿ ಉಳಿದ ದಿನಗಳು, ಕಳೆದ ವರ್ಷದ ದಿನಗಳ ಮೂರನೆಯ ಒಂದು ಭಾಗ, ಅದರ ಹಿಂದಿನ ವರ್ಷದ ಆರನೆಯ ಒಂದು ಭಾಗ ಕೂಡಿ 183 ಆದರೆ ನಾನೂ ತೆರಿಗೆಯ ಲೆಕ್ಕದಲ್ಲಿ ನಿವಾಸಿ. ಆದರೆ 2025ರ ಲೆಕ್ಕದಲ್ಲಿ ಅವಲಂಬಿತನಾಗಬೇಕಾದರೆ ನನ್ನ ವಾರ್ಷಿಕ ಆದಾಯ 5,200 ಡಾಲರಿಗಿಂತ ಕಡಿಮೆ ಇರಬೇಕಿತ್ತು. ಕರ್ನಾಟಕ ಸರ್ಕಾರದ ಪಿಂಚಣಿ, ಡಿ.ಎ. ಸೇರಿ, ಅದನ್ನು ದಾಟುತ್ತದೆ. ಅಳಿಯಂದಿರಿಗೆ ಇದನ್ನು ತಿಳಿಸಿದಾಗ ಅವರು ಬೇಸರಪಟ್ಟಂತೆ ಕಾಣಲಿಲ್ಲ.

ಭಾರತದಲ್ಲಿ ಇಷ್ಟು ತಲೆನೋವಿಲ್ಲ. ನಮ್ಮ 1961ರ ಆದಾಯ ತೆರಿಗೆ ಕಾಯ್ದೆಯ 64ನೇ ಕಲಮಿನಂತೆ ಅಪ್ರಾಪ್ತ ಮಗುವಿನ ಆದಾಯ ತಂದೆತಾಯಿಯಲ್ಲಿ ಹೆಚ್ಚು ಆದಾಯವಿರುವವರ ತೊಡೆಯ ಮೇಲೆ ತಾನಾಗಿಯೇ ಬಂದು ಕೂರುತ್ತಿತ್ತು. ಮೈಮುರಿದು ದುಡಿದದ್ದು, ಸ್ವಂತ ಪ್ರತಿಭೆಯಿಂದ ಗಳಿಸಿದ್ದು ಮಾತ್ರ ಹೊರಗೆ. ಹುಲ್ಲು ಕತ್ತರಿಸಿದ ಕೂಲಿ ನಮ್ಮಲ್ಲೂ ಮಗನದೇ. ಖಾತೆಯಲ್ಲಿ ಮರಿ ಹಾಕಿದ 4 ಡಾಲರ್ ಬಡ್ಡಿ ಮಾತ್ರ ಅಪ್ಪನದು. ಅದಕ್ಕೆ ಪ್ರತಿ ಮಗುವಿಗೆ 1,500 ರೂಪಾಯಿ ವಿನಾಯಿತಿ ಇತ್ತು. ನಾವೂ ಹಿಂದೆ ಬಿದ್ದಿಲ್ಲ: 2024ರ ಸೆಪ್ಟೆಂಬರಿನಲ್ಲಿ ಎನ್‌ಪಿಎಸ್ ವಾತ್ಸಲ್ಯ ಬಂತು. ತೊಟ್ಟಿಲಲ್ಲಿರುವ ಕೂಸಿಗೂ ಪಿಂಚಣಿ ಖಾತೆ. 18 ತುಂಬಿದಾಗ ಅದನ್ನು ದೊಡ್ಡವರ ಎನ್‌ಪಿಎಸ್ ಖಾತೆಯಾಗಿ ಪರಿವರ್ತಿಸಿಕೊಳ್ಳಬಹುದು. ನಾಮಕರಣಕ್ಕೆ ಹೋದಾಗ ಬೆಳ್ಳಿ ಲೋಟದ ಬದಲು ಇದಕ್ಕೆ ಮುಯ್ಯಿ ಹಾಕುವ ಕಾಲ ಬಂದರೆ ಆಶ್ಚರ್ಯವಿಲ್ಲ.

ಮೊಮ್ಮಗಳ ನಿವೃತ್ತಿ ಖಾತೆಯ ಬಗ್ಗೆ ಏಕೆ ಬರೆದಿಲ್ಲ ಎಂದು ಕೆಲವರು ಕೇಳಬಹುದು. ಅವಳು ಹುಟ್ಟಿದ್ದು ಮೈಸೂರಿನಲ್ಲಿ, ಅಮ್ಮನ ತೊಡೆಯ ಮೇಲೆ ಕೂತು ಅಮೆರಿಕಕ್ಕೆ ಬಂದವಳು. ಅಳಿಯಂದಿರದು ಎಚ್-1ಬಿ ವೀಸಾ, ಅವಳದು ಎಚ್-4. ಆ ವೀಸಾದಲ್ಲಿರುವ ಮಕ್ಕಳು ದುಡಿಯುವಂತಿಲ್ಲ. ತಮ್ಮನು ಹುಲ್ಲು ಕತ್ತರಿಸಿದ ಬೀದಿಯಲ್ಲೇ ಅವಳು ಒಂದು ಮನೆಯ ಹುಲ್ಲು ಕತ್ತರಿಸಿ ಹತ್ತು ಡಾಲರ್ ತೆಗೆದುಕೊಂಡರೂ ಅದು ವೀಸಾದ ಉಲ್ಲಂಘನೆ. ದುಡಿಮೆಯ ಆದಾಯವಿಲ್ಲದ್ದರಿಂದ ನಿವೃತ್ತಿ ಖಾತೆಗೆ ಒಂದು ಡಾಲರನ್ನೂ ಹಾಕುವಂತಿಲ್ಲ. ಸೋಷಿಯಲ್ ಸೆಕ್ಯುರಿಟಿ ನಂಬರು ಇಲ್ಲ. ತೆರಿಗೆಗೆಂದೇ ಕೊಡುವ, 9ರಿಂದ ಶುರುವಾಗುವ ಇನ್ನೊಂದು ನಂಬರು ಇದೆ. ಅಪ್ಪನ ರಿಟರ್ನಿನಲ್ಲಿ ಇಬ್ಬರೂ ಅವಲಂಬಿತರೇ. ತಮ್ಮನ ಬಾಬ್ತು 2,200 ಡಾಲರ್ ತೆರಿಗೆ ರಿಯಾಯಿತಿ, ಅವಳ ಬಾಬ್ತು 500. ಹಸಿರು ಕಾರ್ಡಿನ ಸರದಿ ಅವಳಿಗೆ 21 ತುಂಬುವುದರೊಳಗೆ ಬರದಿದ್ದರೆ ಅವಳು ಅಪ್ಪನ ವೀಸಾದ ನೆರಳಿನಿಂದ ಹೊರಬೀಳುತ್ತಾಳೆ. ಬೇರೆ ವೀಸಾ ಹುಡುಕಿಕೊಳ್ಳಬೇಕು, ಇಲ್ಲವೇ ಹೊರಡಬೇಕು. ತಮ್ಮನ 2070ರ ಲೆಕ್ಕವನ್ನು ಹಾಕಿಕೊಟ್ಟವಳು ಅವಳೇ. ಅವಳಿಗೆ ಮೇಲೆ ಹೇಳಿದ ಯಾವ ನಮೂನೆಯೂ ಅನ್ವಯಿಸುವುದಿಲ್ಲವಾದ್ದರಿಂದ ಅವಳ ವಿಷಯ ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ.

ರುಜುವಿನ ಬಗ್ಗೆ ಒಂದು ಮಾತು. ಮಗು ರುಜು ಹಾಕಲಾರದಿದ್ದರೆ ತಂದೆಯೋ ತಾಯಿಯೋ ಅದರ ಹೆಸರು ಬರೆದು, ಅಪ್ರಾಪ್ತ ಮಗುವಿನ ಪರವಾಗಿ ಎಂದು ಕೆಳಗೆ ತಮ್ಮ ರುಜು ಹಾಕಬಹುದು. ಹುಡುಗ ತಾನೇ ಹಾಕುತ್ತೇನೆಂದ. ತನ್ನ ಹೆಸರನ್ನು ಅಚ್ಚುಕಟ್ಟಾಗಿ, ಓದುವಂತೆ ಬರೆದ. ಖಜಾನೆಯಲ್ಲಿ ಓದಲು ಬರುವ ರುಜುವನ್ನು ನಾವು ಅನುಮಾನದಿಂದ ನೋಡುತ್ತಿದ್ದೆವು. ಮೂರು ಹಾಳೆ ಅಭ್ಯಾಸ ಮಾಡಿಸಿದ ಮೇಲೆ ಅದು ಗೆಜೆಟೆಡ್ ಅಧಿಕಾರಿಯ ಮಟ್ಟಕ್ಕೆ ಬಂತು.

ನಮೂನೆಯ ತಳದಲ್ಲಿ ರಿಟರ್ನ್ ಸಿದ್ಧಪಡಿಸಿ ಹಣ ಪಡೆದವರ ಹೆಸರಿಗೆ, ಅವರ ನಂಬರಿಗೆ ಜಾಗ ಇದೆ. ಹಣ ಪಡೆಯದೆ ಸಿದ್ಧಪಡಿಸಿದವರು ಅಲ್ಲಿ ಏನೂ ಬರೆಯಬೇಕಾಗಿಲ್ಲ. 8606, ಷೆಡ್ಯೂಲ್ ಸಿ, ಷೆಡ್ಯೂಲ್ ಎಸ್‌ಇ, 1040 ನಾಲ್ಕನ್ನೂ ತುಂಬಿದವಳು ಮೊಮ್ಮಗಳು. ಎಲ್ಲ ಮುಗಿದ ಮೇಲೆ ಹುಡುಗ ತನ್ನ ಪರ್ಸಿನಿಂದ 20 ಡಾಲರಿನ ನೋಟು ತೆಗೆದು ಅಕ್ಕನ ಕೈಗಿಟ್ಟ. ಅಳಿಯಂದಿರು ಅಡುಗೆಮನೆಯಿಂದ ಓಡಿಬಂದು, "ತಗೋಬೇಡ, ತಗೋಬೇಡ, ಅದು ಕೂಲಿ ಆಗತ್ತೆ!" ಎಂದು ಕೂಗಿ ನೋಟನ್ನು ಕಿತ್ತುಕೊಂಡರು. ಅವಳು ಏನೂ ಹೇಳದೆ ಲ್ಯಾಪ್‌ಟಾಪು ಮುಚ್ಚಿ ಮೇಲೆ ಹೋದಳು. ನೋಟು ಹುಡುಗನ ಪರ್ಸಿಗೆ ಮರಳಿತು. ಸಿದ್ಧಪಡಿಸಿದವರ ಜಾಗವನ್ನು ನಿಯಮದಂತೆ ಖಾಲಿ ಬಿಡಲಾಗಿದೆ. 20 ಡಾಲರ್ ಖರ್ಚು ಬೀಳದ ಕಾರಣ ನಿವ್ವಳ ಆದಾಯದಲ್ಲಿ ವ್ಯತ್ಯಾಸವಾಗಿಲ್ಲ. ಷೆಡ್ಯೂಲ್ ಸಿಯನ್ನು ತಿದ್ದುವ ಅಗತ್ಯ ಕಂಡುಬಂದಿಲ್ಲ.